ಎಡಗಡೆಯ ಹಿಂದಿನ ಬಾಗಿಲು

ಭಾನುವಾರ ಬೆಳಿಗ್ಗೆ ಕಸ ಚೆಲ್ಲಲು ಹೊರಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ನಮ್ಮ ಬಿಳಿ ಕಾರಿನ ಎಡಗಡೆಯ ಹಿಂದಿನ ಬಾಗಿಲ ಮೇಲೆ ಯಾರೋ ಗುಟ್ಕಾ ಉಗುಳಿದ್ದರು. ಉಗುಳಿದ್ದರು ಅನ್ನುವುದಕ್ಕಿಂತ ಬಾಯಿ ತುಂಬ ಇದ್ದದ್ದನ್ನು ಎರಚಿದ್ದರು ಅನ್ನಬೇಕು. ಗಾಜಿನ ಕೆಳಗೆ ದಪ್ಪಗೆ ಒಂದು ಮುದ್ದೆ, ಅದರಿಂದ ಹಿಡಿಕೆ ದಾಟಿ ಇಳಿದ ಐದಾರು ಎಳೆ, ಎಳೆಗಳ ತುದಿಯಲ್ಲಿ ಇನ್ನೂ ಒಣಗದ ಹನಿ. ಅಡಿಕೆಯ ಚೂರು ಅಲ್ಲಲ್ಲಿ ಅಂಟಿಕೊಂಡಿತ್ತು. ಒಂದು ನೊಣ ಆಗಲೇ ಬಂದು ಕೂತು ಕಾಲು ಉಜ್ಜುತ್ತಿತ್ತು.

ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಓಣಿಯೊಳಗೆ ಕಾರು ತಂದರೆ ಎದುರುಮನೆಯವರ ಕಟ್ಟೆ ಉಳಿಯುವುದಿಲ್ಲ. ಹಾಗಾಗಿ ಓಣಿಯ ಬಾಯಲ್ಲೇ, ಬೇವಿನ ಗಿಡದ ನೆರಳಿಗೆ ನಿಲ್ಲಿಸುತ್ತೇವೆ. ತೋರಣಗಲ್ಲಿನ ಫ್ಯಾಕ್ಟರಿಗೆ ಪಾಳಿಯವರನ್ನು ಒಯ್ಯುವ ಬಸ್ಸು ತಿರುಗುವುದೂ ಅಲ್ಲೇ. ತಿರುಗುವಾಗ ನಿಧಾನವಾಗುತ್ತದೆ, ನಿಧಾನವಾದ ಬಸ್ಸಿನಿಂದ ಉಗುಳುವುದು ಸಲೀಸು. ಕೆಳಗೆ ಗೋಡೆ ಇದೆಯೋ, ನಾಯಿ ಇದೆಯೋ, ಮನುಷ್ಯರಿದ್ದಾರೋ ಅಂತ ಯಾವ ಕಿಟಕಿಯವನೂ ಬಗ್ಗಿ ನೋಡಿದ್ದನ್ನು ನಾನು ಕಂಡಿಲ್ಲ. ಹನ್ನೊಂದು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದವಳು ನಾನು. ಮುಂದಿನ ಸೀಟಿನವನು ಕಿಟಕಿಗೆ ತಲೆ ಹಾಕಿದ ಅಂದರೆ ಹಿಂದಿನವರೆಲ್ಲ ಗಾಜು ಎಳೆದುಕೊಳ್ಳಬೇಕು. ಎಷ್ಟೋ ಸಲ ಎಳೆದುಕೊಳ್ಳುವಷ್ಟರಲ್ಲಿ ತಡವಾಗಿ, ಸೆರಗಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿ ಹೊತ್ತುಕೊಂಡೇ ಕೆಲಸಕ್ಕೆ ಹೋಗಿದ್ದೇನೆ.

ಕೆಲಸ ಅಲ್ಲಿನ ಕ್ಯಾಂಟೀನಿನಲ್ಲಿ. ಅನ್ನ ಬಡಿಸುವುದು ಅರ್ಧ ಕೆಲಸ, ತಟ್ಟೆ ತೊಳೆಯುವುದು ಉಳಿದರ್ಧ. ಉಂಡು ಮುಗಿಸಿದ ತಟ್ಟೆಯಲ್ಲೇ, ಬಿಟ್ಟ ಸಾರು ಅನ್ನದ ಮೇಲೆಯೇ, ಜಗಿದದ್ದನ್ನು ಉಗುಳಿ ಇಟ್ಟು ಹೋಗುವ ಗಂಡಸರಿದ್ದಾರೆ. ಕೈ ತೊಳೆಯುವ ತೊಟ್ಟಿಯ ತೂತು ವಾರಕ್ಕೆರಡು ಸಲ ಕಟ್ಟುತ್ತದೆ. ಕಡ್ಡಿ ಹಾಕಿ ಅದನ್ನು ತೆಗೆಯುವುದೂ ನಾವೇ. ಆ ವಾಸನೆಗೆ ಒಗ್ಗಿಕೊಳ್ಳುತ್ತೀ ಅಂತ ಮೊದಲ ವಾರ ಯಾರೋ ಹೇಳಿದ್ದರು. ಇವತ್ತಿಗೂ ಒಗ್ಗಿಲ್ಲ. ಮನೆಗೆ ಬಂದರೆ ನನ್ನ ಗಂಡ ಅಂಜಿನೇಯ ಲಾರಿಯಿಂದ ಇಳಿದು ಬಂದು ಮಾಡುವುದೂ ಅದನ್ನೇ. ಅವನ ಲಾರಿಯ ಬಲಗಡೆ ಬಾಗಿಲ ಬಣ್ಣ ಯಾವುದಿತ್ತು ಅಂತ ಅವನಿಗೂ ಮರೆತಿರಬೇಕು.

ಈ ಕಾರು ಮಾತ್ರ ನಮ್ಮ ಮನೆಯಲ್ಲಿ ಸ್ವಚ್ಛವಾಗಿದ್ದ ಒಂದೇ ವಸ್ತು. ಬಳ್ಳಾರಿಯ ಡಾಕ್ಟರೊಬ್ಬರ ಕೈಲಿದ್ದದ್ದು, ಹಳೆಯದು. ನನ್ನ ಮಗಳು ಪಂಪಾವತಿ ಹಟ ಹಿಡಿದು ಕೊಡಿಸಿಕೊಂಡಳು. ಎರಡು ವರ್ಷ ಕಾರು ಸರ್ವಿಸ್ ಮಾಡುವ ಕಡೆ ಬಿಲ್ ಬರೆಯುತ್ತ, ಬರೆಯುವುದಕ್ಕಿಂತ ಜಾಸ್ತಿ ಅಲ್ಲಿ ಗಾಡಿ ತೊಳೆಯುವವರನ್ನು ನೋಡುತ್ತ ಕೂತಿದ್ದವಳು. ಆಮೇಲೆ ಡ್ರೈವಿಂಗ್ ಕಲಿತಳು, ಬಾಡಿಗೆಗೆ ಓಡಿಸಲು ಹಳದಿ ಬೋರ್ಡ್ ಹಾಕಿಸಿದಳು. ಎರಡು ತಿಂಗಳಾದರೂ ಗಾಡಿಗೆ ಖಾಯಂ ಕೆಲಸ ಸಿಕ್ಕಿರಲಿಲ್ಲ. ಈ ತಿಂಗಳೊಳಗೆ ಸಿಗದಿದ್ದರೆ ಗಾಡಿ ಮಾರಿಬಿಡೋಣ, ಅವಳು ಮತ್ತೆ ಬಿಲ್ ಬರೆಯಲಿ ಅಂತ ಅವಳಪ್ಪ ಫೋನಿನಲ್ಲಿ ಹೇಳಿಯಾಗಿತ್ತು. ಅಷ್ಟರಲ್ಲಿ ಕೊಟ್ರಯ್ಯ ಅನ್ನುವವರು ಸೋಮವಾರ ಬಂದು ಗಾಡಿ ನೋಡುತ್ತೇನೆ ಅಂದಿದ್ದರು. ಫ್ಯಾಕ್ಟರಿಗೆ ಬರುವ ಅತಿಥಿಗಳನ್ನು ಹೊಸಪೇಟೆ ಸ್ಟೇಷನ್ನಿನಿಂದ ಕರೆದೊಯ್ಯಲು, ಬಿಡುವಿದ್ದರೆ ಹಂಪಿ ತೋರಿಸಲು ಅವರು ಕಾರುಗಳನ್ನು ಗೊತ್ತು ಮಾಡುತ್ತಿದ್ದರು. ಇಂಜಿನ್ ಹಳೆಯದಾದರೂ ನಡೆಯುತ್ತದೆ, ಮೈ ಮಾತ್ರ ಹೊಳೀಬೇಕು ಅಂತ ಮೊದಲೇ ತಿಳಿಸಿದ್ದರು.

ಹೊಳೆಯುವ ಮಾತು ಈ ಸೀಮೆಯಲ್ಲಿ ಸುಲಭವಲ್ಲ. ಸಂಡೂರಿನ ಅದಿರು ಲಾರಿ ಓಡಾಡುವ ದಾರಿಯಲ್ಲಿ ಒಂದು ತಾಸು ನಿಲ್ಲಿಸಿದರೆ ಬಿಳಿ ಕಾರು ಇಟ್ಟಂಗಿ ಬಣ್ಣಕ್ಕೆ ಬರುತ್ತದೆ. ಎಲ್ಲರೂ ಮಾಡುವುದೇನು, ಕೈಗೆ ಸಿಕ್ಕ ಬಟ್ಟೆಯಿಂದ ಒಣಗಿದ ಧೂಳನ್ನು ಒರೆಸುತ್ತಾರೆ. ಪಂಪಾ ಅದನ್ನು ಕಂಡರೆ ಉರಿದು ಬೀಳುತ್ತಾಳೆ. ಅದು ಮಣ್ಣಲ್ಲ, ಕಬ್ಬಿಣ. ಒಂದೊಂದು ಕಣವೂ ಮೊಳೆಯ ತುದಿ ಇದ್ದ ಹಾಗೆ, ಒರೆಸಿದರೆ ಬಣ್ಣದ ಮೇಲೆ ಗೀರೆಳೆದಂತೆ ಅನ್ನುತ್ತಾಳೆ. ಅವಳ ಕ್ರಮವೇ ಬೇರೆ. ಬಿಸಿಲೇರುವ ಮುಂಚೆ ಇಲ್ಲವೇ ಬಿಸಿಲಿಳಿದ ಮೇಲೆ, ಗಾಡಿಯ ಮೈ ತಣ್ಣಗಿದ್ದಾಗ, ಮೊದಲು ಬರೇ ನೀರು ಸುರಿಯುವುದು. ಧೂಳು ತಾನಾಗಿ ಇಳಿದು ಹೋಗಬೇಕು, ಕೈ ತಾಕಿಸಬಾರದು. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೇಲಿನಿಂದ ಕೆಳಕ್ಕೆ. ಗಾಲಿಗೆ ಬೇರೆ ಬಟ್ಟೆ. ಒರೆಸುವುದಲ್ಲ, ಮೆತ್ತಗಿನ ಟವೆಲ್ಲು ಒತ್ತಿ ನೀರು ಹೀರಿಸುವುದು. ಕಾರಿನ ಟವೆಲ್ಲು ಬೇರೆ ದಾರದ ಮೇಲೆ ಒಣಗುತ್ತವೆ. ಈ ಮನೆಯಲ್ಲಿ ಕಾರಿಗೆ ಇರುವಷ್ಟು ಟವೆಲ್ಲು ನನಗಿಲ್ಲ ಅಂತ ನಮ್ಮತ್ತೆ ಹುಸೇನಮ್ಮ ದಿನಕ್ಕೊಮ್ಮೆ ಅನ್ನುತ್ತಾರೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿ ಪಾರಾಗುವ ಹಾಗಿಲ್ಲ.

ಪಂಪಾ ಕಾಗದಪತ್ರಗಳ ಝೆರಾಕ್ಸ್ ಮಾಡಿಸಲು ಪೇಟೆಗೆ ಹೋಗಿದ್ದಳು. ಹಿಂದಿನ ಸಂಜೆ ಎರಡು ತಾಸು ತೊಳೆದಿಟ್ಟು ಹೋದ ಗಾಡಿ. ಆ ಬಾಗಿಲ ಮೇಲೆ ಶುಕ್ರವಾರ ನಾನೇ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಿದ್ದೆ. ಈಗ ಅದೇ ಜಾಗದಲ್ಲಿ ಯಾವನದೋ ಎಂಜಲು ಇಳಿಯುತ್ತಿತ್ತು. ಒಂದು ಕೊಡ ನೀರು ತಂದು ಸುರಿದೆ. ಮುದ್ದೆ ಜಾರಿ ಬಿತ್ತು, ಎಳೆಗಳು ತೆಳುವಾದವು, ಆದರೆ ಕಂದು ಕಲೆ ಉಳಿಯಿತು. ಇನ್ನೊಂದು ಕೊಡ ಸುರಿದೆ. ಹಾಗೇ ಇತ್ತು.

ಅತ್ತೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಬರೇ ನೀರು ಹಾಕಿದ್ರ ಎಂಜಲ ಹೋಗತೈತೇನ? ತಾಟು ಹಂಗ ತೊಳೀತಿಯೇನು ನೀನು?" ಅಂದರು.

ಅವರ ಮಾತಿಗೆ ನಾನು ಮಾಡಿದೆ ಅನ್ನುವುದಿಲ್ಲ. ನನ್ನ ಕೈ ಆಗಲೇ ಅತ್ತ ಹೋಗಿತ್ತು. ನಮ್ಮಲ್ಲಿ ಎಂಜಲು ಬರೇ ಹೊಲಸಲ್ಲ. ನೀರು ಹಾಕಿದರೆ ಹೋದದ್ದು ಕಣ್ಣಿಗಷ್ಟೇ, ಬೂದಿ ಹಾಕಿ ತಿಕ್ಕಿದರೆ ಮನಸ್ಸಿಗೂ ಹೋಯಿತು ಅಂತ. ಹಿತ್ತಲಿಗೆ ಹೋದೆ. ನೀರೊಲೆಯಿಂದ ಒಂದು ಹಿಡಿ ಬೂದಿ, ಒಂದು ಉಂಡೆ ತೆಂಗಿನ ನಾರು. ಬಂದು ತಿಕ್ಕಿದೆ. ಹನ್ನೊಂದು ವರ್ಷದ ಅಭ್ಯಾಸ ಇರುವ ಕೈ, ಗುಂಡಗೆ ಗುಂಡಗೆ ತಿರುಗುತ್ತ ಹೋಯಿತು. ಕಲೆ ಕರಗಿತು. ಕರಗಿದರೂ ನಿಲ್ಲಿಸಲಿಲ್ಲ. ತೊಟ್ಟಿಯ ತೂತಿನಿಂದ ತೆಗೆದದ್ದು, ತಟ್ಟೆಯಲ್ಲಿ ಬಿಟ್ಟು ಹೋದದ್ದು, ಸೆರಗಿಗೆ ಸಿಡಿದದ್ದು, ಗಂಡ ಮೋರಿಯಲ್ಲಿ ಉಗುಳಿ ನೀರು ಹಾಕದೆ ಬಿಟ್ಟದ್ದು, ಎಲ್ಲವನ್ನೂ ಅಲ್ಲೇ ತಿಕ್ಕಿದೆ. ಹಿಡಿಕೆಯ ಸುತ್ತ, ಗಾಜಿನ ಕೆಳಗೆ, ಉಗುಳು ಬೀಳದ ಜಾಗಕ್ಕೂ. ಕೊನೆಗೆ ನೀರು ಸುರಿದಾಗ ಬಾಗಿಲು ಪಳಪಳ ಅಂದಿತು. ನಿಜ ಹೇಳಬೇಕೆಂದರೆ ಆಗ ನನಗೆ ಭಾಳ ಸಮಾಧಾನವಾಯಿತು.

ನೀರು ಆರುತ್ತ ಬಂದ ಹಾಗೆ ಆ ಹೊಳಪೂ ಆರಿತು. ಎರಡು ಊಟದ ತಟ್ಟೆಯಷ್ಟು ಜಾಗ ಬೆಂದ ಮೀನಿನ ಕಣ್ಣಿನ ಹಾಗೆ ಮಂಕಾಗಿ ನಿಂತಿತು. ಒದ್ದೆ ಇರಬೇಕು ಅಂದುಕೊಂಡು ಸೆರಗಿನಿಂದ ಒತ್ತಿದೆ. ಬಿಸಿಲಿನ ಕಡೆ ನಿಂತು ನೋಡಿದೆ. ಸುತ್ತು ಸುತ್ತು ಗೀರುಗಳು, ನನ್ನ ಕೈ ತಿರುಗಿದ ಹಾಗೆಯೇ. ಉಗುಳಿದವನ ಗುರುತು ಒಂದೂ ಉಳಿದಿರಲಿಲ್ಲ. ಅಲ್ಲಿದ್ದದ್ದೆಲ್ಲ ನನ್ನದೇ.

ಪಂಪಾ ಬಂದಾಗ ಮಧ್ಯಾಹ್ನವಾಗಿತ್ತು. ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡೇ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ಉಗುರಿನಿಂದ ಒಂದು ಗೀರನ್ನು ಮೆಲ್ಲಗೆ ಮುಟ್ಟಿ ನೋಡಿದಳು.

"ಏನು ಹಾಕಿದಿ?"

"ಬೂದಿ."

"ಬೂದಿ," ಅಂದಳು ಅವಳೂ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅವಳು ಬಯ್ಯಲಿಲ್ಲ. ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಅದು ಹೋಗಿದೆ, ಅದಕ್ಕೆ ಮಷೀನಿನಲ್ಲಿ ಪಾಲಿಶ್ ಹಿಡಿಸಬೇಕು, ಇವತ್ತು ಭಾನುವಾರ ಪಾಲಿಶ್ ಅಂಗಡಿ ಎಲ್ಲ ಬಂದ್ ಅಂತ ಸರ್ವಿಸ್ ಕಡೆಯವರು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು. ಗುಟ್ಕಾ ಕಲೆಗೆ ಏನು ಮಾಡಬೇಕಿತ್ತು ಅಂತ ಕೇಳಿದೆ. ಒದ್ದೆ ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ ಹತ್ತು ನಿಮಿಷ ಅದರ ಮೇಲೆ ಹೊದಿಸಿಟ್ಟರೆ ಸಾಕಿತ್ತಂತೆ. ಹತ್ತು ನಿಮಿಷ. ನಾನು ತಿಕ್ಕಿದ್ದು ಅದಕ್ಕಿಂತ ಹೆಚ್ಚು ಹೊತ್ತು.

ಕೊಬ್ಬರಿ ಎಣ್ಣೆ ಸವರಿದರೆ ಗೀರು ಕಾಣುವುದಿಲ್ಲ ಅಂತ ಅತ್ತೆ ಒಂದು ದಾರಿ ಹೇಳಿದರು. ನಿಜವೇ, ಒಂದು ತಾಸಿನ ಮಟ್ಟಿಗೆ ಕಾಣುವುದಿಲ್ಲ. ನಾನು ಬಾಟಲಿ ತರಲು ಏಳುತ್ತಿದ್ದೆ ಕೂಡ. ಪಂಪಾ ತಲೆ ಎತ್ತದೆ ಬ್ಯಾಡ ಅಂದಳು. ಕೊಟ್ರಯ್ಯ ಇಪ್ಪತ್ತು ವರ್ಷದಿಂದ ಗಾಡಿ ನೋಡುತ್ತಿರುವ ಮನುಷ್ಯ, ಬೆರಳು ಹಚ್ಚಿದರೆ ತಿಳಿಯುತ್ತದೆ, ಕೆಟ್ಟ ಗಾಡಿಯವಳು ಅನ್ನಿಸಿಕೊಳ್ಳುವುದರ ಜೊತೆ ಸುಳ್ಳಿಯೂ ಆಗುತ್ತೇನೆ ಅಂದಳು. ಅವತ್ತು ರಾತ್ರಿ ಅವಳಪ್ಪನ ಫೋನು ಬಂದಾಗ ಗಾಡಿ ಮಸ್ತ್ ಇದೆ ಅಂತ ಹೇಳಿದವಳು ನಾನೇ.

ಸೋಮವಾರ ಕೊಟ್ರಯ್ಯ ಒಂಬತ್ತಕ್ಕೇ ಬಂದರು. ಮಡಿಕೆ ಮುರಿಯದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಲವಂಗ. ಇಷ್ಟು ಸ್ವಚ್ಛವಾಗಿರುವ ಗಂಡಸು ಏನನ್ನೂ ಬಿಡುವುದಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು, ತೃಪ್ತಿಯಾಯಿತು. ಸೀಟು ಮೂಸಿದರು, ಅದೂ ಆಯಿತು. ಯಾರು ತೊಳಿಯೋದು ಅಂತ ಕೇಳಿದರು, ನಾನೇ ಅಂದಳು ಪಂಪಾ. ಸುತ್ತು ಹಾಕಿ ಎಡಗಡೆ ಬಂದು ನಿಂತರು.

"ಇದೇನು ತಂಗಿ, ಇಲ್ಲಿ ಬಣ್ಣ ಸತ್ತಂಗ ಐತಲ್ಲ?"

ಪಂಪಾ ಬಾಯಿ ತೆರೆಯುವ ಮೊದಲು ನಾನು, "ನಾನು ತಿಕ್ಕಿದ್ದುರೀ. ಆಕಿ ಮನ್ಯಾಗ ಇರಲಿಲ್ಲ," ಅಂದೆ. ಉಗುಳಿದ್ದು, ಬೂದಿ, ನಾರು, ಎಲ್ಲವನ್ನೂ ಹೇಳಿದೆ. ಕೊಟ್ರಯ್ಯ ಮೊದಲು ನಕ್ಕರು. ಅವರ ತಾಯಿಯೂ ಒಮ್ಮೆ ಟಿವಿಯ ಗಾಜನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರಂತೆ. ಆಮೇಲೆ ನಗು ನಿಲ್ಲಿಸಿದರು.

"ಗೆಸ್ಟು ಹತ್ತೋದು ಇದೇ ಬಾಗಲಿಂದ ಅಮ್ಮ. ಡ್ರೈವರ್ ಇಳಿದು ತೆಗಿಯೋದೂ ಇದನ್ನ. ಉಳಿದ ಮೂರು ಬಾಗಲ ಯಾರು ನೋಡ್ತಾರ?"

ಪಾಲಿಶ್ ಹಿಡಿಸುತ್ತೇವೆ ಅಂದಳು ಪಂಪಾ. ಹಿಡಿಸು, ಮುಂದಿನ ವರ್ಷ ನೋಡೋಣ, ಈ ವರ್ಷದ ಪಟ್ಟಿ ಇವತ್ತಿಗೆ ಮುಗೀತು ಅಂದರು. ಹೊರಟವರು ಗಾಡಿಯ ಇನ್ನೊಂದು ಮಗ್ಗುಲನ್ನು ಮತ್ತೊಮ್ಮೆ ನೋಡಿದರು. ಅಷ್ಟು ಚಂದ ತೊಳೆದಿಟ್ಟ ಗಾಡಿಯನ್ನು ಬಿಟ್ಟು ಹೋಗಲು ಅವರಿಗೂ ಮನಸ್ಸಿರಲಿಲ್ಲ ಅನ್ನಿಸುತ್ತದೆ. ಹಾಗಿದ್ದರೆ ಪಾಳಿಯವರನ್ನು ಒಯ್ಯುವ ಕೆಲಸ ಇದೆ ಅಂದರು. ಬಸ್ಸು ಸಾಲದ್ದಕ್ಕೆ ಎರಡನೇ ಪಾಳಿಯ ಮೂವರಿಗೆ ಒಂದು ಗಾಡಿ ಬೇಕಿತ್ತು. ಈ ಬದಿಯವರೇ. ದಿನಾ ಹೋಗಿ ಬರುವುದು, ಖಾಯಂ. ಆ ಗಾಡಿಯ ಬಾಗಿಲು ಹೇಗಿದ್ದರೂ ನಡೆಯುತ್ತದೆ.

ಆ ಮೂವರು ಯಾರೇ ಆಗಿರಲಿ, ಅವರು ನನಗೆ ಗೊತ್ತು. ಮುಖ ಗೊತ್ತಿಲ್ಲದಿದ್ದರೂ ತಟ್ಟೆ ಗೊತ್ತು. ಬ್ಯಾಡ ಅಂತ ಹೇಳು ಅಂತ ಮಗಳ ತೋಳು ಹಿಡಿದೆ. ಅವಳು ತೋಳು ಬಿಡಿಸಿಕೊಂಡಳು.

"ಗಾಡಿ ಒಳಗ ಯಾರೂ ಜಗಿಯಂಗಿಲ್ಲ. ಅದೊಂದು ನನ್ನ ಮಾತು ನಡೀಬೇಕು," ಅಂದಳು.

"ಅದನ್ನ ಅವ್ರಿಗೆ ನೀನ ಹೇಳ್ಕೊ. ಗೇಟಿಗೆ ಟೈಮಿಗೆ ಮುಟ್ಟಿಸಿದ್ರ ನನಗ ಸಾಕು. ಒಂದಿನ ತಡಾ ಆದ್ರ ಮರುದಿನ ಬ್ಯಾರೆ ಗಾಡಿ," ಅಂದರು ಕೊಟ್ರಯ್ಯ.

ಬುಧವಾರದಿಂದ ಶುರುವಾಯಿತು. ಆ ವಾರ ನನಗೂ ಎರಡನೇ ಪಾಳಿ ಇದ್ದದ್ದರಿಂದ ಮುಂದಿನ ಸೀಟಿನಲ್ಲಿ ನಾನು ಕೂತೆ. ಹಿಂದೆ ಮೂವರು. ಇಬ್ಬರು ಸುಮ್ಮನಿರುವವರು, ಒಬ್ಬ ಹುಲಿಗೇಶ್ ಅಂತ, ಎಡ ಬಾಗಿಲ ಬದಿಗೆ ಕೂತವನು, ನಲವತ್ತರ ಆಸುಪಾಸು, ಹತ್ತಿದವನೇ ಹೆಣ್ಣುಮಕ್ಕಳು ಓಡಿಸುವ ಗಾಡಿಗೆ ವಿಮೆ ಇದೆಯೋ ಅಂತ ತಮಾಷೆ ಮಾಡಿದವ. ಅವರು ಹತ್ತುವ ಮುಂಚೆಯೇ, ಒಳಗೆ ಜಗಿಯಬಾರದು ಅಂತ ಪಂಪಾ ಹೇಳಿದ್ದಳು. ಆಯ್ತು ಆಯ್ತು ಅಂದಿದ್ದರು ಮೂವರೂ. ಕಾರಿಗನೂರು ದಾಟುತ್ತಿದ್ದ ಹಾಗೆ ಹಿಂದಿನಿಂದ ಪೊಟ್ಟಣ ಹರಿಯುವ ಸಪ್ಪಳ ಬಂತು. ಆಮೇಲೆ ಆ ವಾಸನೆ, ಸುಣ್ಣ, ಕರ್ಪೂರ, ಕೊಳೆತ ಹೂವು ಎಲ್ಲ ಕೂಡಿದ ವಾಸನೆ. ಎಸಿ ಹಾಕಿದ್ದರಿಂದ ಅದು ನೇರ ನನ್ನ ಮುಖಕ್ಕೇ ಬಂತು. ಪಂಪಾ ಕನ್ನಡಿಯಲ್ಲಿ ನೋಡಿ, ಅಣ್ಣಾರೆ ಬ್ಯಾಡ ಅಂದಿದ್ದೆ ಅಂದಳು. ಒಂದೇ ಒಂದು ಅಂದ ಅವನು.

ಪಾಪಿನಾಯಕನಹಳ್ಳಿ ದಾಟಿದ ಮೇಲೆ ಅವನ ಬಾಯಿ ತುಂಬಿರಬೇಕು. ಗಾಜು ಇಳಿಸುವ ಗುಂಡಿ ಒತ್ತಿದ. ಇಳಿಯಲಿಲ್ಲ. ಮತ್ತೆ ಒತ್ತಿದ. ಪಂಪಾ ತನ್ನ ಕಡೆಯಿಂದ ಹಿಂದಿನ ಗಾಜುಗಳಿಗೆ ಲಾಕ್ ಹಾಕಿದ್ದಳು. ಹೂಂ ಹೂಂ ಅಂತ ಮೂಗಿನಲ್ಲೇ ಸಪ್ಪಳ ಮಾಡಿದ. ಅವಳು ಗಾಡಿಯನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿದಳು. ಪಕ್ಕದಲ್ಲಿ ಅದಿರು ಲಾರಿಗಳು ಒಂದರ ಹಿಂದೊಂದು ಹಾದು ಹೋಗುತ್ತಿದ್ದವು.

"ಇಳಿದು ಉಗುಳಿ ಬರ್ರಿ," ಅಂದಳು.

ಅವನು ಇಳಿಯಲಿಲ್ಲ. ಅರ್ಧ ನಿಮಿಷದ ಕೆಲಸ. ಆದರೆ ಇಪ್ಪತ್ಮೂರು ವರ್ಷದ ಹುಡುಗಿ ಇಳಿ ಅಂದಳು ಅಂತ ಇಳಿಯುವುದು ಹೇಗೆ. ತಲೆ ಹಿಂದಕ್ಕೆ ಚೆಲ್ಲಿ, ಬಾಯಲ್ಲಿದ್ದದ್ದು ಹೊರಗೆ ಬಾರದ ಹಾಗೆ ಗದ್ದ ಮೇಲಕ್ಕೆತ್ತಿ ಮಾತಾಡಿದ.

"ಬಾಗಲಾ ಆಗ್ಲೇ ಹಾಳಾಗೈತಿ. ಇನ್ನ ಹಾಳಾಗಾಕ ಏನೈತಿ ಅದರಾಗ?"

ಮಾತಿನ ಜೊತೆ ಒಂದು ಹನಿ ಅವನ ತುಟಿಯ ಮೂಲೆಯಿಂದ ಇಳಿದು ಗದ್ದದ ಮೇಲೆ ನಿಂತಿತು. ನಾನು ಹಿಂದಕ್ಕೆ ತಿರುಗಿ ಕೂತೆ. ಮಗಳ ಕೆಲಸ, ಮಗಳ ಗಾಡಿ, ನಡುವೆ ಬಾಯಿ ಹಾಕಬಾರದು ಅಂತ ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ.

"ಹಾಳ ಮಾಡಿದಾಕಿ ನಾನು," ಅಂದೆ. "ನಿನ್ನಂಥವನ ಎಂಜಲ ನೋಡಿ ತಡಕೊಳ್ಳಾಕ ಆಗ್ಲಿಲ್ಲ. ಹನ್ನೊಂದು ವರ್ಷ ನೀವು ಉಂಡ ತಾಟು ತೊಳದೀನಿ ಹುಲಿಗೇಶ. ನಿನ್ನ ಎದುರಿಗೆ ನಿಂತು ಅನ್ನ ನೀಡೀನಿ. ನನ್ನ ಮಾರಿ ನೆನಪೈತೇನು ನಿನಗ?"

ಅವನು ನೋಡಿದ. ನೆನಪಿರಲಿಲ್ಲ. ಅದು ಅವನ ಕಣ್ಣಲ್ಲೇ ಕಂಡಿತು. ಪಕ್ಕದಲ್ಲಿದ್ದವನು ಮಾತ್ರ, ಕ್ಯಾಂಟೀನ್ ತುಳಸಕ್ಕ ಅಲ್ಲೇನೋ ಅಂತ ಮೆಲ್ಲಗೆ ಹೇಳಿದ. ಗಾಡಿಯ ಗಡಿಯಾರ ಒಂದೂ ಇಪ್ಪತ್ತೈದು ತೋರಿಸುತ್ತಿತ್ತು. ಅವನೇ ಮತ್ತೆ, ಲೇ ಇಳಿಯೋ ಮಾರಾಯ, ಎರಡರ ಹಾಜರಿ ಪಂಚಿಂಗ್ ತಪ್ಪಿದ್ರ ಅರ್ಧ ದಿನ ಹೋಗತೈತಿ ಅಂದ. ಹುಲಿಗೇಶ್ ಅಲುಗಲಿಲ್ಲ. ಪಂಪಾ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಎದುರಿನ ರಸ್ತೆ ನೋಡುತ್ತ ಕೂತಿದ್ದಳು. ತಡವಾದರೆ ನಾಳೆಯಿಂದ ಬೇರೆ ಗಾಡಿ, ಈ ತಿಂಗಳು ಮುಗಿಯಲು ಎಂಟು ದಿನ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಗೇರಿನ ಕಡೆ ಕೈ ಹೋಗಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಐದು ನಿಮಿಷವಂತೂ ಆಗಿತ್ತು. ಆಮೇಲೆ ಅವನು ನುಂಗಿದ.

ಅದರ ಸಪ್ಪಳ ಕೇಳಿಸಿತು. ಗಂಟಲ ಮಣಿ ಮೇಲೆ ಹೋಗಿ ಕೆಳಗಿಳಿಯಿತು. ಒಂದೇ ಸಲಕ್ಕೆ ಹೋಗಲಿಲ್ಲ, ಎರಡನೇ ಸಲ ಮತ್ತೆ. ಕಣ್ಣಲ್ಲಿ ನೀರು ಬಂತು ಅವನಿಗೆ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಗೆದ್ದೆ ಅಂತ ಅನ್ನಿಸಲಿಲ್ಲ. ಒಬ್ಬ ದೊಡ್ಡ ಮನುಷ್ಯ, ಮಕ್ಕಳ ತಂದೆ ಇರಬೇಕು, ರಸ್ತೆಗಿಳಿದು ಉಗುಳುವುದಕ್ಕಿಂತ ಅದನ್ನು ನುಂಗುವುದೇ ಮರ್ಯಾದೆ ಅಂತ ತಿಳಿದನಲ್ಲ, ಅದೇ ಎಲ್ಲದಕ್ಕಿಂತ ಅಸಹ್ಯವಾಗಿ ಕಂಡಿತು. ಇಂಥವರನ್ನು ನನ್ನ ಮಗಳು ದಿನಾ ಹೊತ್ತು ತಿರುಗಬೇಕು.

ಪಂಪಾ ಗಾಡಿ ಎತ್ತಿದಳು. ಗಾದಿಗನೂರಿನ ತನಕ ಅವನು ಬಿಕ್ಕಳಿಸುವುದು ಕೇಳುತ್ತಿತ್ತು. ನೀರಿನ ಬಾಟಲಿ ಹಿಂದಕ್ಕೆ ಕೊಡು ಅಂತ ಅವಳು ನನಗೆ ಹೇಳಿದಳು. ಕೊಟ್ಟೆ. ಅವನು ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದ. ಆ ಬಾಟಲಿಯನ್ನು ನಾನು ವಾಪಸು ಇಸಿದುಕೊಳ್ಳಲಿಲ್ಲ.

ಗೇಟಿಗೆ ಮುಟ್ಟಿದಾಗ ಎರಡಕ್ಕೆ ನಾಲ್ಕು ನಿಮಿಷ ಇತ್ತು. ಮೂವರೂ ಓಡಿದರು. ಓಡುವ ಮುಂಚೆ ಹುಲಿಗೇಶ್ ಬಾಗಿಲನ್ನು ಜೋರಾಗಿ ಬಡಿದು, ನಾಳೆ ಕೊಟ್ರಯ್ಯಗ ಹೇಳಿ ನಾನು ಬಸ್ಸಿಗೇ ಹೋಗ್ತೀನಿ ಅಂದ. ಹೋಗ್ರಿ, ಆದ್ರ ಮುಂಜಾನೆ ಹತ್ತರೊಳಗ ಹೇಳ್ರಿ, ಸೀಟು ಇನ್ನೊಬ್ಬರಿಗೆ ಕೊಡಬೇಕು ಅಂದಳು ಪಂಪಾ.

ರಾತ್ರಿ ಪಾಳಿ ಬಿಟ್ಟಾಗ ಅವನು ಬಸ್ಸು ಹತ್ತಿದ, ಉಳಿದಿಬ್ಬರನ್ನು ಕರೆತಂದೆವು. ಗುರುವಾರ ಮುಂಜಾನೆ ಹತ್ತಾಯಿತು, ಹನ್ನೊಂದಾಯಿತು, ಕೊಟ್ರಯ್ಯನ ಫೋನು ಬರಲಿಲ್ಲ. ಒಂದು ಗಂಟೆಗೆ ನಾವು ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಮೂವರೂ ನಿಂತಿದ್ದರು. ಹುಲಿಗೇಶ್ ಎಲ್ಲರಿಗಿಂತ ಹಿಂದೆ, ಬೇರೆಲ್ಲೋ ನೋಡುತ್ತ. ಅವನ ಬಾಯಿ ಖಾಲಿ ಇತ್ತು. ಅಂಗಿಯ ಜೇಬಿನಲ್ಲಿ ಪೊಟ್ಟಣಗಳು ಉಬ್ಬಿ ಕಾಣುತ್ತಿದ್ದವು. ಪಂಪಾ ಅದನ್ನು ನೋಡಿದಳು, ಬಾಗಿಲು ತೆಗೆದು ಹತ್ತಿಸಿಕೊಂಡಳು.